ಇಳಿಯದ ಸವಾರ

ಕಿರಂಗೂರಿನ ಜವರಯ್ಯನ ಮೀಸೆಯ ಎಡತುದಿ ಶ್ರೀರಂಗಪಟ್ಟಣದ ಕೋಟೆಗೋಡೆಗೆ ತಾಗಿದರೆ, ಬಲತುದಿ ಪಾಂಡವಪುರದ ಸಕ್ಕರೆ ಕಾರ್ಖಾನೆಯ ಹೊಗೆಯಲ್ಲಿ ಒಣಗುತ್ತಿತ್ತು. ಅವನು ಕುದುರೆ ಏರಿ ಹೊರಟನೆಂದರೆ ಎರಡೂ ಕಡೆಯ ಕಬ್ಬು ಬಗ್ಗಿ ದಾರಿ ಬಿಡುತ್ತಿತ್ತು. ಅವನು ಸಿಳ್ಳೆ ಹೊಡೆದರೆ ಗಾರ್ಡನ ಸಿಳ್ಳೆಯೆಂದು ಮೋಸಹೋಗಿ ಮೈಸೂರು ರೈಲು ಜನರನ್ನು ಬಿಟ್ಟು ಹೊರಟುಬಿಡುತ್ತಿತ್ತು. ಇದಕ್ಕೆಲ್ಲ ಸಾಕ್ಷಿ ಬೇಕಾದವರು ಜವರಯ್ಯನನ್ನೇ ಕೇಳಬೇಕಿತ್ತು. ಬೇರೆ ಯಾರೂ ನೋಡಿದವರಿರಲಿಲ್ಲ.

ಊರಿನ ಹೈಕಳೆಲ್ಲ ಮೋಟರ್ ಸೈಕಲ್ಲಿಗೆ ಬಾಯಿ ಬಿಡುತ್ತಿದ್ದ ತೊಂಬತ್ತಾರನೇ ಇಸವಿಯಲ್ಲಿ ಜವರಯ್ಯ ಒಂದು ಹೆಣ್ಣುಕುದುರೆ ತಂದ. ಹೆಸರು ಚೆಲುವಿ. ಹದವಾಗಿ ಹುರಿದ ಹುಣಸೆಬೀಜದ ಬಣ್ಣ, ಹಣೆಯಲ್ಲಿ ಬಿಳಿ ನಾಮ. ಅದರ ಮೈಯಲ್ಲಿ ಮುಖ ನೋಡಿಕೊಂಡು ಜವರಯ್ಯ ಕ್ಷೌರ ಮಾಡಿಕೊಳ್ಳುತ್ತಿದ್ದನಂತೆ. ಅದನ್ನು ತಂದದ್ದು ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯ ಶಿವಣ್ಣನಿಂದ.

ಈ ಶಿವಣ್ಣನಿಗೆ ಎಡಗಾಲು ಸ್ವಾಧೀನವಿರಲಿಲ್ಲ. ಹುಡುಗನಾಗಿದ್ದಾಗ ಗಾಡಿಯ ಚಕ್ರ ಹರಿದು ಕಾಲು ಒಣಗಿತ್ತು. ಲೋಕವೆಲ್ಲ ಕುದುರೆಯನ್ನು ಎಡಗಡೆಯಿಂದ ಹತ್ತಿದರೆ ಅವನು ಬಲಗಡೆಯಿಂದ ಹತ್ತುತ್ತಿದ್ದ. ಮರಿಯಾಗಿದ್ದಾಗಿನಿಂದ ಚೆಲುವಿಯನ್ನು ಹಾಗೆಯೇ ಪಳಗಿಸಿದ್ದ. ಅವನ ಕೈ ಜೀನಿನ ಮೇಲೆ ಬಿದ್ದ ಕೂಡಲೇ ಅದು ಕಾಲು ಅಗಲಿಸಿ, ಉಸಿರು ಹಿಡಿದು, ಅವನ ಭಾರ ಬರುವ ಕಡೆಗೆ ಮೈ ಬಿಗಿದು ನಿಲ್ಲುತ್ತಿತ್ತು. ನೆಲದ ಮೇಲೆ ಕುಂಟುತ್ತಿದ್ದವನು ಅದರ ಬೆನ್ನ ಮೇಲೆ ಕುಂಟುತ್ತಿರಲಿಲ್ಲ. ಎದೆಯ ಕಾಯಿಲೆ ಬಂದು ಹಾಸಿಗೆ ಹಿಡಿದ ಮೇಲೆ ಮಾತ್ರ ಅದನ್ನು ಕೊಡಲು ಒಪ್ಪಿದ.

ಆ ಸೀಮೆಯ ಕುದುರೆಯವರಲ್ಲಿ ಒಂದು ಕಟ್ಟಳೆ ಇತ್ತು. ಕೊಡುವವನು ಹಗ್ಗದ ತುದಿಯನ್ನು ಕೊಳ್ಳುವವನ ಟವೆಲಿನ ಮೇಲಿಟ್ಟು "ಇಳಿದೆ" ಅನ್ನಬೇಕು. ಕೊಳ್ಳುವವನು ಅದನ್ನು ಕಣ್ಣಿಗೊತ್ತಿಕೊಂಡು "ಹತ್ತಿದೆ" ಅನ್ನಬೇಕು. ಅಲ್ಲಿಗೆ ಕುದುರೆ ಕೈ ಬದಲಾಯಿಸಿತು ಎಂದು ಲೆಕ್ಕ. ಅವತ್ತು ಶಿವಣ್ಣನನ್ನು ಎತ್ತಿ ಜಗಲಿಯ ಮೇಲೆ ಕೂರಿಸಿದ್ದರು. ಹಗ್ಗ ಹಿಡಿದು ಆ ಮಾತಿಗಾಗಿ ಅವನು ಉಸಿರು ಕೂಡಿಸಿಕೊಳ್ಳುತ್ತಿದ್ದ. ಅರ್ಧ ಊರು ಸೇರಿತ್ತು. ಅರ್ಧ ಊರು ಸೇರಿದ ಕಡೆ ಸುಮ್ಮನೆ ನಿಲ್ಲುವ ಜಾಯಮಾನ ಜವರಯ್ಯನದಲ್ಲ.

"ಅಗ್ಗ ನೀನೇ ಮಡಿಕೊ ಶಿವಣ್ಣ," ಅಂದ. "ಅಗ್ಗ ಇಡ್ದು ಕುದ್ರೆ ಎಳ್ಕೊಂಡ್ ಹೋಗಕ್ಕೆ ನಾನೇನು ದನದ ಯಾಪಾರದೋನಾ? ನನ್ ಸಿಳ್ಳೆಗೆ ಬತ್ತದೆ ನೋಡ್ತಿರು!"

ಕುದುರೆಯ ಕೊರಳಿನಿಂದ ಹಗ್ಗ ಬಿಚ್ಚಿ ಶಿವಣ್ಣನ ಮಡಿಲಿಗೆ ಎಸೆದು, ಬೆನ್ನು ತಿರುಗಿಸಿ ಸಿಳ್ಳೆ ಹೊಡೆದ. ಚೆಲುವಿ ಒಮ್ಮೆ ಶಿವಣ್ಣನನ್ನು ನೋಡಿತು. ಒಮ್ಮೆ ಇವನ ಬೆನ್ನು ನೋಡಿತು. ಆಮೇಲೆ ಹಿಂದೆಯೇ ಹೆಜ್ಜೆ ಹಾಕಿತು. ಊರಿಗೆ ಊರೇ ಹೋ ಅಂದಿತು. ಆ ಗದ್ದಲದಲ್ಲಿ ಶಿವಣ್ಣನ ತೆರೆದ ಬಾಯಿಯಿಂದ ಮಾತು ಹೊರಟಿತೋ ಇಲ್ಲವೋ ಯಾರೂ ಗಮನಿಸಲಿಲ್ಲ. ಅವನ ಹೆಂಡತಿ ಯಶೋದಮ್ಮ ಮಾತ್ರ ಬಾಗಿಲಲ್ಲಿ ನಿಂತು ಗಂಡನ ಬಾಯನ್ನೇ ನೋಡುತ್ತಿದ್ದಳು. ಆ ವಾರವೇ ಶಿವಣ್ಣ ತೀರಿಕೊಂಡ.

ಸುದ್ದಿ ಕಿರಂಗೂರಿಗೆ ಮುಟ್ಟುವ ಮೊದಲೇ ಚೆಲುವಿಗೆ ಮುಟ್ಟಿದಂತಿತ್ತು. ಬೆಳಿಗ್ಗೆ ಜವರಯ್ಯ ಎಡಗಡೆಯ ರಿಕಾಪಿಗೆ ಕಾಲಿಟ್ಟು ಹತ್ತಿ ಕೂತ. ಕುದುರೆ ಕದಲಲಿಲ್ಲ. ಹಿಮ್ಮಡಿ ತಾಗಿಸಿದ, ನಾಲಗೆ ಕ್ಲಕ್ಕೆನಿಸಿದ. ಅದು ಕಿವಿ ಹಿಂದಕ್ಕೆ ತಿರುಗಿಸಿ, ಕಾಲು ಅಗಲಿಸಿ, ಬಲಗಡೆಗೆ ಮೈ ಬಿಗಿದು ಉಸಿರು ಹಿಡಿಯಿತು. ಜವರಯ್ಯನ ಬೆನ್ನ ಹಿಂದೆ ಜೀನು ಕಿರ್ರೆಂದಿತು. ಕುದುರೆಯ ಹಿಂಭಾಗ ಒಂದು ಹಿಡಿಯಷ್ಟು ತಗ್ಗಿತು. ಆಮೇಲೆ ಇವನು ಏನೂ ಹೇಳದೆಯೇ ಹೊರಟಿತು.

ಹಳೆಯ ಚಾಳಿ ಎಂದುಕೊಂಡ ಜವರಯ್ಯ. ಸಾವಿರ ಕುದುರೆ ಪಳಗಿಸಿದವನಿಗೆ (ಎಣಿಸಿದರೆ ಮೂರು) ಇದೊಂದು ಚಾಳಿ ಬಿಡಿಸುವುದು ಯಾವ ಮಹಾ? ಆದರೆ ಚಾಳಿಗೆ ತೂಕ ಇರುವುದಿಲ್ಲ. ಏರು ಬಂದರೆ ಚೆಲುವಿ ಏದುಸಿರು ಬಿಡುತ್ತಿತ್ತು. ಓಡುವಾಗ ಅವನ ಕತ್ತಿನ ಹಿಂಬದಿಗೆ ಬೀಡಿ ಸೇದುವವರ ಉಸಿರು ತಾಕುತ್ತಿತ್ತು. ತಿರುಗಿ ನೋಡಿದರೆ ಕಾಲುವೆ ಏರಿ, ಕಬ್ಬು, ಬಿಸಿಲು, ಅಷ್ಟೇ. ಒಂದು ಮಧ್ಯಾಹ್ನ ಜೀನು ಇಳಿಸಿದಾಗ ಅವನ ಹೆಂಡತಿ ಪಾರ್ವತಮ್ಮ ಬಂದು ಕುದುರೆಯ ಬೆನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದಳು.

"ಇದೇನು ಇಲ್ಲಿ ಉಣ್ಣು ಆಗದೆ? ಜೀನು ಇಲ್ಗಂಟ ಬರಾಕಿಲ್ವಲ್ಲ."

ಹೌದು. ಜೀನು ಎಲ್ಲಿ ಮುಗಿಯುತ್ತದೋ ಅದರಾಚೆ, ಚರ್ಮವಾಗಲಿ ಪಟ್ಟಿಯಾಗಲಿ ಎಂದೂ ಮುಟ್ಟದ ಜಾಗದಲ್ಲಿ, ಕೂದಲು ಉದುರಿ ಮಾಂಸ ಕೆಂಪಗೆ ಕಾಣುತ್ತಿತ್ತು.

ಜವರಯ್ಯ ಅರಿಶಿನ ಹಚ್ಚಿದ, ಬೇವಿನೆಣ್ಣೆ ಹಚ್ಚಿದ, ಹುರುಳಿಯನ್ನು ಒಂದು ಸೇರಿನಿಂದ ಎರಡು ಸೇರಿಗೆ ಏರಿಸಿದ. ಕುದುರೆ ತಿಂದಷ್ಟೂ ಕರಗಿತು. ಸಂಕ್ರಾಂತಿಗೆ ಮುಖ ಕಾಣುತ್ತಿದ್ದ ಮೈಯಲ್ಲಿ ಶಿವರಾತ್ರಿ ಹತ್ತಿರ ಬರುವಷ್ಟರಲ್ಲಿ ಪಕ್ಕೆಲುಬು ಕಾಣತೊಡಗಿತು. ಲಾಯದಲ್ಲಿ ಬರಿಮೈಯಲ್ಲಿ ನಿಂತಾಗಲೂ ಬೆನ್ನು ತಗ್ಗಿಸಿಕೊಂಡೇ ನಿಲ್ಲುತ್ತಿತ್ತು. ಪಂದ್ಯ, ಮೆರವಣಿಗೆ, ಬಡಾಯಿ ಎಲ್ಲ ಮರೆತು ಜವರಯ್ಯನಿಗೆ ಒಂದೇ ಯೋಚನೆ ಹತ್ತಿತು. ಹೀಗೇ ಆದರೆ ಚೆಲುವಿ ಸಾಯುತ್ತದೆ. ಅವನು ಅಪ್ಪ ಸತ್ತಾಗಲೂ ಊಟ ಬಿಟ್ಟವನಲ್ಲ. ಈಗ ತಟ್ಟೆ ಮುಂದಿದ್ದರೂ ಕೈ ಏಳುತ್ತಿರಲಿಲ್ಲ.

ಭಾನುವಾರ ಗಂಜಾಮಿನ ಹುಣಸೆಮರದ ಕೆಳಗೆ ಶಹಾಬುದ್ದೀನನ ಲಾಳದ ಕೆಲಸ. ಶಹಾಬುದ್ದೀನ್ ಟಾಂಗಾ ಹೊಡೆಯುವವನು. ದರಿಯಾ ದೌಲತ್ ನೋಡಲು ಬಂದವರನ್ನು ಕೂರಿಸಿಕೊಂಡು ವಾರವೆಲ್ಲ ತಿರುಗಿ, ಭಾನುವಾರ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ. ಸುತ್ತಲಿನ ಕುದುರೆಯವರೆಲ್ಲ ಅಲ್ಲಿ ಸೇರುತ್ತಿದ್ದರು. ಲಾಳ ಕಟ್ಟುವುದು ಅರ್ಧ ಗಂಟೆಯ ಕೆಲಸ, ಬಡಾಯಿ ಕೊಚ್ಚುವುದು ಇಡೀ ದಿನದ್ದು. ಅವತ್ತು ನಾಗಮಂಗಲದ ಕಡೆಯ ಬಿಂಡಿಗನವಿಲೆಯಿಂದ ಚಿಕ್ಕಮಾದಯ್ಯನೂ ಬಂದಿದ್ದ. ಕುರಿಗಳ ಹಿಂದೆ ತಿರುಗಲು ಒಂದು ತಟ್ಟುಕುದುರೆ ಇಟ್ಟುಕೊಂಡವನು, ಜವರಯ್ಯನ ಓರಗೆಯವನು.

"ನನ್ ತಟ್ಟು ಕುರಿ ಎಣಿಸ್ತದೆ ಕಣಯ್ಯಾ," ಅನ್ನುತ್ತಿದ್ದ ಚಿಕ್ಕಮಾದಯ್ಯ. "ಒಂದು ಕಮ್ಮಿಯಾದ್ರೆ ಉಲ್ಲು ಮುಟ್ಟಾಕಿಲ್ಲ."

"ನಿನ್ ತಟ್ಟಿಗೆ ನಿನ್ಗಿಂತ ಜಾಸ್ತಿ ಲೆಕ್ಕ ಬತ್ತದೆ ಅನ್ನು," ಅಂದ ಶಹಾಬುದ್ದೀನ್. "ನನ್ ಕುದ್ರೆ ಗಿರಾಕಿ ಮುಖ ನೋಡಿ ಎಲ್ಲಿಗೆ ಹೋಗ್ಬೇಕು ಅಂತ ಹೇಳ್ತದೆ. ದೇವಸ್ಥಾನದೋರನ್ನ ದೇವಸ್ಥಾನಕ್ಕೇ ಬಿಡ್ತದೆ. ಹೊಸದಾಗಿ ಮದ್ವೆಯಾದೋರನ್ನ ಯಾರೂ ಇಲ್ದಿರೋ ಕಡೆ ನಿಲ್ಲಿಸ್ತದೆ."

ಚೆಲುವಿಯನ್ನು ಹಿಡಿದುಕೊಂಡು ಜವರಯ್ಯ ಬಂದದ್ದು ಕಂಡು ಚಿಕ್ಕಮಾದಯ್ಯ ಬೀಡಿ ಬಾಯಿಂದ ತೆಗೆದ.

"ಲೇ ಜವರ, ಇದ್ಯಾಕ್ಲಾ ಕುದ್ರೆ ಇಂಗಾಗೋಗದೆ? ಉರುಳಿ ಎಲ್ಲಾ ನೀನೇ ತಿಂತಿದ್ದೀಯ?"

ಬೇರೆ ದಿನವಾಗಿದ್ದರೆ ಜವರಯ್ಯನ ಉತ್ತರ ಕೇಳಲು ಕಾವೇರಿ ಅರಗಳಿಗೆ ನಿಲ್ಲುತ್ತಿತ್ತು. ಅವತ್ತು ಅವನು, "ಸಾಬೀ, ಇದನ್ನ ವಸಿ ನೋಡಪ್ಪ," ಎಂದಷ್ಟೇ ಅಂದ.

ಶಹಾಬುದ್ದೀನ್ ಹಿಂಗಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ಲಾಳದ ಮೇಲೆ ಹೆಬ್ಬೆರಳು ಓಡಿಸಿದ. ಇನ್ನೊಂದು ಕಾಲು ನೋಡಿದ. ಮುಂಗಾಲು ನೋಡಿದ.

"ಅರೆ, ಸಂಕ್ರಾಂತಿ ಆದ್ಮೇಲೆ ನಾನೇ ಕಟ್ಟಿದ್ದು ಇದು. ಮುಂದಿನವು ಸರಿಯಾಗವೆ. ಹಿಂದಿನವು ನೋಡು ಜವರಣ್ಣ, ಕಾಗ್ದ ಆಗೋಗವೆ. ಹಿಂದೆ ಯಾರನ್ನ ಕೂರಿಸ್ಕೊಂಡು ತಿರುಗ್ತಿದ್ದೀಯ?"

"ಯಾರನ್ನೂ ಇಲ್ಲ ಕಣಪ್ಪ."

"ಒಬ್ಬ ಆಳಿಗೆ ಇಂಗೆ ಸವೆಯಲ್ಲ."

ಚಿಕ್ಕಮಾದಯ್ಯ ನಗಲು ಬಾಯಿ ತೆರೆದವನು ಹಾಗೆಯೇ ನಿಂತ. ಅವನ ಕಣ್ಣು ಚೆಲುವಿಯ ಬೆನ್ನ ಮೇಲಿತ್ತು.

ಹುಣಸೆ ಎಲೆ ಉದುರುವ ಕಾಲ. ಗಾಳಿ ಇಲ್ಲದಿದ್ದರೂ ಹಳದಿ ಎಲೆಗಳು ಸಣ್ಣಗೆ, ಎಡೆಬಿಡದೆ ಬೀಳುತ್ತಿದ್ದವು. ಮೂವರ ತಲೆಯ ಮೇಲೆ ಬಿದ್ದಿದ್ದವು. ಚೆಲುವಿಯ ಕತ್ತಿನ ಜೂಲಿನಲ್ಲಿ ಸಿಕ್ಕಿದ್ದವು, ಬಾಲದ ಬುಡದಲ್ಲಿ ರಾಶಿ ಕೂತಿದ್ದವು. ಬರಿಮೈಯಲ್ಲಿ ನಿಂತಿದ್ದ ಕುದುರೆಯ ಬೆನ್ನಿನ ನಟ್ಟನಡುವೆ ಮಾತ್ರ ಒಂದೂ ಎಲೆ ಇರಲಿಲ್ಲ. ಮೇಲಿನಿಂದ ಬಂದ ಎಲೆಗಳು ಅಲ್ಲಿ, ಒಬ್ಬ ಕೂತ ಮನುಷ್ಯನ ತಲೆ ಇರುವಷ್ಟು ಎತ್ತರದಲ್ಲಿ, ಏನನ್ನೋ ತಾಕಿ ಅತ್ತಿತ್ತ ಜಾರಿ ನೆಲಕ್ಕೆ ಬೀಳುತ್ತಿದ್ದವು. ಕೆಲವು ನಡುದಾರಿಯಲ್ಲಿ, ಹೆಗಲಿನ ಎತ್ತರದಲ್ಲಿ, ಸ್ವಲ್ಪ ಹೊತ್ತು ನಿಂತು ಆಮೇಲೆ ಜಾರುತ್ತಿದ್ದವು.

ಶಹಾಬುದ್ದೀನನ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು.

ಕೊನೆಗೆ ಅವನೇ ಕೇಳಿದ. "ಜವರಣ್ಣ, ಶಿವಣ್ಣ ಹಗ್ಗ ಕೊಟ್ರಾ?"

ಜವರಯ್ಯ ಮೀಸೆ ಮುಟ್ಟಿಕೊಂಡ.

"ಇಳಿದೆ ಅಂದ್ರಾ?"

"ಅನ್ನಾಕೆ ನಾನು ಬುಟ್ರೆ ತಾನೆ," ಅಂದ ಜವರಯ್ಯ.

"ಮಾರಾಕ್ಬುಡ್ಲಾ," ಅಂದ ಚಿಕ್ಕಮಾದಯ್ಯ, ನಾಲ್ಕು ಹೆಜ್ಜೆ ಆಚೆ ನಿಂತು. "ಬೆಂಗ್ಳೂರಲ್ಲಿ ಮದ್ವೆ ಮೆರವಣಿಗೆಗೆ ತಕ್ಕೊಳ್ಳೋರವ್ರೆ. ಅವ್ರಿಗೇನು ಗೊತ್ತಾಯ್ತದೆ?"

"ಆಮ್ಯಾಕೆ ಇದು ಅಲ್ಲಿ ಸಾಯ್ತದೆ."

"ಇಲ್ಲಿ ಸತ್ರೂ ಒಂದೇ, ಅಲ್ಲಿ ಸತ್ರೂ ಒಂದೇ."

ಜವರಯ್ಯ ತಿರುಗಿ ನೋಡಿದ ನೋಟಕ್ಕೆ ಚಿಕ್ಕಮಾದಯ್ಯನ ಬೀಡಿ ತಾನಾಗಿ ಆರಿಹೋಯಿತು.

"ನಡುಸ್ಕೊಂಡು ಗೋವಿಂದನಹಳ್ಳಿಗೆ ಹೋಗು," ಅಂದ ಶಹಾಬುದ್ದೀನ್. "ನೀನು ಹತ್ಬೇಡ. ಇರೋ ಭಾರವೇ ಸಾಕು. ಶಿವಣ್ಣನ ಮನೆ ಮುಂದೆ ಅವ್ರನ್ನೇ ಕೇಳು, ಇಳೀರಿ ಅಂತ. ನಿನ್ ಥರ ಕೇಳ್ಬೇಡ. ಚಿಕ್ಕೋರು ದೊಡ್ಡೋರನ್ನ ಕೇಳ್ದಂಗೆ ಕೇಳು."

ಮರುದಿನ ಬೆಳಕು ಹರಿಯುತ್ತಲೇ ಜವರಯ್ಯ ಹೊರಟ. ಜೀನು ಹಾಕಿರಲಿಲ್ಲ. ಮೂಗುದಾರದಷ್ಟು ಸಣ್ಣ ಹಗ್ಗ ಹಿಡಿದು ಕುದುರೆಯ ಮುಂದೆ ಮುಂದೆ ನಡೆದ. ಒಬ್ಬ ದೊಡ್ಡ ಮನುಷ್ಯನನ್ನು ಕೂರಿಸಿಕೊಂಡು ಹೋಗುವ ಆಳಿನ ಹಾಗೆ. ಪಾಂಡವಪುರದಲ್ಲಿ ಹೋಟೆಲಿನ ಮುಂದೆ ಕೂತಿದ್ದವರು ಕೂಗಿದರು.

"ಏನ್ ಜವರಣ್ಣ, ಯಾವತ್ತಿಂದ ಕುದ್ರೆ ಹಿಡಿಯೋ ಕಾಸ್ತಾರ ಆದೆ? ಸವಾರ ಎಲ್ಲಿ?"

ನಾಲ್ಕು ತಾಲ್ಲೂಕಿಗೆ ಕೇಳುವ ಗಂಟಲಿನವನು ತಲೆ ತಗ್ಗಿಸಿ ದಾಟಿದ. ಹಿಂದೆ ಲಾಳದ ಸದ್ದು ಭಾರವಾಗಿ, ನಿಧಾನವಾಗಿ ಬರುತ್ತಿತ್ತು. ಬರಿಬೆನ್ನಿನ ಕುದುರೆ ಹಾಗೆ ನಡೆಯುವುದಿಲ್ಲ.

ಚಿನಕುರಳಿ ದಾಟಿದ ಮೇಲೆ ರಸ್ತೆಬದಿಯಲ್ಲಿ ದೊಡ್ಡತಾಯಮ್ಮ ಎಂಬ ಮುದುಕಿ ಸೌತೆಕಾಯಿ ತುಂಬಿದ ಮಂಕರಿಯನ್ನು ಸೊಂಟದ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ನೆರಳು ಬೆಳಕು ಬಿಟ್ಟರೆ ಬೇರೇನೂ ಕಾಣದು. ರಸ್ತೆ ಅಲ್ಲಿ ಇಕ್ಕಟ್ಟಾಗಿದ್ದರಿಂದ ಕುದುರೆ ಅವಳ ಹತ್ತಿರದಲ್ಲೇ ಹಾದುಹೋಗಬೇಕಾಯಿತು.

"ಮ್ಯಾಲೆ ಕುಂತಿರೋ ಅಪ್ಪಯ್ಯ," ಅಂದಳು, "ಕಾಲು ವಸಿ ಎತ್ಕಳಪ್ಪ, ಮಂಕ್ರಿಗೆ ತಗುಲ್ತದೆ."

ಜವರಯ್ಯ ಏನಾದರೂ ಹೇಳುವ ಮೊದಲೇ ಮಂಕರಿಯ ಅಂಚಿಗೆ ಏನೋ ತಾಕಿ ಅದು ವಾಲಿತು. ಸೌತೆಕಾಯಿಗಳು ರಸ್ತೆಯ ಮೇಲೆ ಉರುಳಿದವು. ಕುದುರೆಯ ಹೊಟ್ಟೆಗೂ ಮಂಕರಿಗೂ ನಡುವೆ ಒಂದು ಮೊಳ ಬಿಸಿಲು ಬಿದ್ದಿತ್ತು.

"ಯೋಳಿದ್ರೂ ಎತ್ಲಿಲ್ವಲ್ಲ," ಎಂದು ಮುದುಕಿ ಗೊಣಗಿದಳು. "ಕಾಲಲ್ಲಿ ಸತ್ವ ಇಲ್ವೇನೋ, ಪಾಪ."

ಜವರಯ್ಯ ಬಗ್ಗಿ ಸೌತೆಕಾಯಿ ಆರಿಸಿ ಕೊಟ್ಟ. ಮೇಲೆ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ದಾರಿಯುದ್ದಕ್ಕೂ ಒಂದು ವಿಚಿತ್ರ ನಡೆಯಿತು. ತಗ್ಗಿನಲ್ಲಿ ಚಾಚಿಕೊಂಡ ಜಾಲಿಯ ಕೊಂಬೆ ಅಡ್ಡ ಬಂದರೆ ತಾನೇ ಹಿಡಿದೆತ್ತಿ, ಕುದುರೆ ದಾಟುವ ತನಕ ನಿಲ್ಲುತ್ತಿದ್ದ. ಕಲ್ಲು ಸಿಕ್ಕರೆ "ನಿಧಾನ" ಅನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದೇನೆ ಎಂದು ಕೇಳಿಕೊಳ್ಳಲಿಲ್ಲ. ಕೆ.ಆರ್. ಪೇಟೆಯ ನೆಂಟರ ಕೊಟ್ಟಿಗೆಯಲ್ಲಿ ರಾತ್ರಿ ಕಳೆದು, ಮರುದಿನ ಬಿಸಿಲು ನೆತ್ತಿಗೇರಿದಾಗ ಗೋವಿಂದನಹಳ್ಳಿ ಸೇರಿದ. ಐದು ಲಿಂಗಗಳ ಹಳೆಯ ಗುಡಿಯ ಹತ್ತಿರ ಬಂದಾಗ ಚೆಲುವಿ ಹಗ್ಗ ಸೆಳೆಯತೊಡಗಿತು. ಅಲ್ಲಿಂದ ಮುಂದೆ ದಾರಿ ತೋರಿಸಿದ್ದು ಅದೇ.

ಯಶೋದಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಲಾಳದ ಸದ್ದಿಗೆ ಮೊರ ಕೆಳಗಿಟ್ಟು ಎದ್ದು ನಿಂತಳು. ಜವರಯ್ಯನನ್ನು ನೋಡಲಿಲ್ಲ. ಅವಳ ನೋಟ ಅವನ ತಲೆಯ ಮೇಲಿಂದ ಹಾದು ಕುದುರೆಯ ಬೆನ್ನಿನ ಮೇಲೆ, ಗಾಳಿಯಲ್ಲಿ, ನಿಂತಿತು. ಸೆರಗು ತಲೆಗೆ ಹೊದ್ದುಕೊಂಡಳು.

"ಇಷ್ಟು ದಿನ ಆಯ್ತಾ," ಅಂದಳು.

"ಯಶೋದಕ್ಕ..." ಜವರಯ್ಯ ಎರಡು ಹೆಜ್ಜೆ ಮುಂದೆ ಬಂದ. "ಕುದ್ರೆ ಸಾಯ್ತದೆ ಕಣಕ್ಕ. ಇಳಿಸ್ಕೊಳವ್ವ."

"ನಾನೆಂಗೆ ಇಳಿಸ್ಲಿ ಜವರಪ್ಪ? ಅವ್ರಾಗೇ ಅತ್ತಿ ಕುಂತಿದ್ದಲ್ಲ, ನೀನು ಇಳಿಸ್ದೆ ಕರ್ಕೊಂಡೋದದ್ದು. ಬಾಯಿಗೆ ಬಂದಿದ್ದ ಮಾತು, ಒಂದು ಮಾತು, ಅದ್ನ ಆಡಾಕೆ ನೀನು ಬುಡ್ನಿಲ್ಲ. ಸಾಯೋಗಂಟ ತುಟಿ ಅಲ್ಲಾಡ್ತಿತ್ತು, ಬರ್ನಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಅವ್ರು ಎಲ್ಲಿಗೆ ಇಳೀಬೇಕು? ನೆಲದ ಮ್ಯಾಲೆ ಅವ್ರಿಗೆ ಕಾಲೆಲ್ಲೈತೆ?"

ಚೆಲುವಿ ಮುಂಗಾಲು ಮಡಿಸಿತು. ಎದ್ದಿತು. ಮತ್ತೆ ಮಡಿಸಿತು. ಬಾಯಿಂದ ನೊರೆ ಇಳಿಯಿತು. ಬೆನ್ನಿನ ಹುಣ್ಣಿನಿಂದ ಒಂದು ಎಳೆ ರಕ್ತ ಪಕ್ಕೆಗಿಳಿಯಿತು. ಅದನ್ನು ಕಂಡ ಜವರಯ್ಯ ಹಗ್ಗ ಕೈಬಿಟ್ಟ. ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿದ. ಕುದುರೆಯ ಬಲಗಡೆಗೆ ಬಂದು ನಿಂತು ಕೈ ಮುಗಿದ. ಕೇಳಿಕೊಳ್ಳಬೇಕು ಎಂದೇ ಬಂದಿದ್ದ. ಎರಡು ದಿನ ಅದನ್ನೇ ಬಾಯಿಪಾಠ ಮಾಡಿದ್ದ. ಆದರೆ ಬೇಡಿಕೊಂಡು ಅಭ್ಯಾಸವಿಲ್ಲದ ಬಾಯಿ. ಹೊರಟದ್ದು ಬೇರೆಯೇ ಮಾತು.

"ಶಿವಣ್ಣ, ತೆಪ್ಪಾಯ್ತು ಕಣಣ್ಣ. ಅದನ್ನ ಬುಟ್ಬುಡು. ಮೂಗಜೀವ, ಅದ್ಕೇನ್ ಗೊತ್ತು? ಕುಂತ್ಕೊಬೇಕು ಅಂದ್ರೆ ಇಲ್ಲಿ ಕುಂತ್ಕೊ." ಭುಜ ತಟ್ಟಿಕೊಂಡ. "ನಾಕ್ ಮೂಟೆ ಬತ್ತ ಒಂದೇ ಸಲಕ್ಕೆ ಒತ್ತಿರೋ ಭುಜ ಕಣಣ್ಣ ಇದು! ನಿನ್ ತೂಕ ನನಗೊಂದು ತೂಕವಾ? ಸಾಯೋಗಂಟ ಒರ್ತೀನಿ, ಬಾ!"

"ಜವರಪ್ಪಾ!" ಎಂದು ಯಶೋದಮ್ಮ ಕೂಗಿದಳು. "ಅಂಗನ್ಬೇಡ, ಅವ್ರು ಮಾತು ಅಂದ್ರೆ..."

ಚೆಲುವಿ ಕಾಲು ಅಗಲಿಸಿ ಬಲಗಡೆಗೆ ಮೈ ಬಿಗಿದು ಉಸಿರು ಹಿಡಿಯಿತು.

ಮೊದಲು ಒಂದು ಕೈ ಬಂತು. ತಣ್ಣಗೆ, ಒರಟಾಗಿ, ಕುಂಟರು ಆಸರೆಗೆ ಹಿಡಿಯುವಷ್ಟು ಬಿಗಿಯಾಗಿ ಭುಜ ಹಿಡಿಯಿತು. ಹಳೆಯ ಬೀಡಿಯ ವಾಸನೆ ಬಂತು. ಆಮೇಲೆ ಭಾರ ಬಂತು. ಜವರಯ್ಯ ಮಂಡಿ ಮಡಿಸಿ, ಅಂಗೈ ನೆಲಕ್ಕೆ ಊರಿದ. ಕುದುರೆಗಳು ಮೈ ಬಿಗಿಯುವಂತೆಯೇ ಅವನೂ ಉಸಿರು ಹಿಡಿದು, ಕಾಲು ಅಗಲಿಸಿ, ನಿಧಾನವಾಗಿ ಎದ್ದ.

ಚೆಲುವಿ ಮೂಗಿನ ತುದಿಯಿಂದ ಬಾಲದ ತುದಿವರೆಗೆ ಒಮ್ಮೆ ಮೈ ಕೊಡವಿತು. ಮೂಳೆಗಳೆಲ್ಲ ಜಾಗಕ್ಕೆ ಬಿದ್ದ ಸದ್ದು ಕೇಳಿಸಿತು. ಅದು ಕೆನೆಯಿತು. ಆ ಕೆನೆತಕ್ಕೆ ಕೆ.ಆರ್. ಪೇಟೆಯ ಸಂತೆಯಲ್ಲಿ ತೂಗುವ ತಕ್ಕಡಿಗಳು ಅಲುಗಾಡಿದವಂತೆ. ಬಾನಿಯ ಹತ್ತಿರ ಹೋಗಿ ನೀರು ಕುಡಿಯತೊಡಗಿತು. ನಿಲ್ಲಿಸಲೇ ಇಲ್ಲ.

ಯಶೋದಮ್ಮ ಈಗ ನೋಡುತ್ತಿದ್ದದ್ದು ಜವರಯ್ಯನ ತಲೆಯ ಮೇಲೆ, ಒಂದು ಮೊಳ ಎತ್ತರದಲ್ಲಿ.

"ಇನ್ನ ಕರ್ಕೊಂಡು ಓಗಪ್ಪ," ಅಂದಳು. "ಕುದ್ರೆ ನಿಂದೇ." ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಧಾನಕ್ಕೆ ನಡಿ. ಕುಲುಕಾಡಿದ್ರೆ ಅವ್ರಿಗೆ ಕೆಮ್ಮು ಬತ್ತದೆ," ಎಂದು ಸೇರಿಸಿದಳು.

ಜವರಯ್ಯ ಮತ್ತೆ ಕುದುರೆ ಹತ್ತಲಿಲ್ಲ. ಊರಿನವರಿಗೆ ಬೆನ್ನುನೋವು ಎಂದ. ಬೇಸಿಗೆ ಮುಗಿಯುವಷ್ಟರಲ್ಲಿ ಚೆಲುವಿಯ ಹುಣ್ಣು ಮಾದು ಹೊಸ ಕೂದಲು ಬಂತು, ಮೈ ತುಂಬಿಕೊಂಡಿತು. ಕಾಲುವೆ ಏರಿಯ ಮೇಲೆ ಅದು ಬರಿಬೆನ್ನಿನಲ್ಲಿ ಕರುವಿನಂತೆ ನೆಗೆಯುತ್ತ ಮುಂದೆ ಓಡಿದರೆ, ಅವನು ಹಿಂದೆ ಸೊಂಟ ಬಗ್ಗಿಸಿಕೊಂಡು, ಹೆಜ್ಜೆ ಅಳೆದು ಅಳೆದು ಬರುತ್ತಿದ್ದ. ಪಾರ್ವತಮ್ಮ ಅವನ ಊಟದ ಪಕ್ಕ ಇನ್ನೊಂದು ಲೋಟ ನೀರು ಇಡಲು ಯಾವಾಗ ಶುರು ಮಾಡಿದಳೋ ಅವಳಿಗೇ ತಿಳಿಯದು.

ಒಂದು ಮಧ್ಯಾಹ್ನ ಕಿರಂಗೂರಿನ ದಾರಿಯಲ್ಲಿ ಶಹಾಬುದ್ದೀನನ ಟಾಂಗಾ ಅವನ ಪಕ್ಕ ಬಂದು ನಿಂತಿತು. ಬಿಸಿಲಿಗೆ ಡಾಂಬರು ಕರಗುತ್ತಿತ್ತು.

"ಹತ್ತು ಜವರಣ್ಣ, ಖಾಲಿ ಹೋಗ್ತಾ ಇದ್ದೀನಿ."

ಜವರಯ್ಯ ಟಾಂಗಾದ ಕುದುರೆಯ ಮೂಗು ಸವರಿದ. ಅದು ಕಿವಿ ಹಿಂದಕ್ಕೆ ಮಡಿಸಿಕೊಂಡಿತು.

"ಬ್ಯಾಡ ಕಣ್ ಸಾಬೀ," ಅಂದ. "ನಿನ್ ಕುದ್ರೆಗೆ ವಯಸ್ಸಾಗದೆ. ಇಬ್ರ ಭಾರ ತಡೀನಾರದು."